ಕಸದ ಗಾಡಿ, ಕೆರೆ ಏರಿ, ಶಾಲೆ ಹಾಲು: ಮೂವರನ್ನೂ ಒಟ್ಟಿಗೆ ಕೂರಿಸುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗಂಟನ್ನು ಬಿಚ್ಚಿ ಅಂತ ಕೇಳಿವೆ. ಊರಿನ ಕೆಲಸಕ್ಕೆ ಸರ್ಕಾರವೂ ಬೇಕು, ಅಂಗಡಿ-ಕಂಪನಿಯವರೂ ಬೇಕು, ಜನರೂ ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಆದರೆ ಕೆಲಸಕ್ಕೆ ಇಳಿದಾಗ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಐದು ಪತ್ರಗಳನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಯಾಕೆಂದರೆ ಅದೇ ಪ್ರಶ್ನೆ ಬೇರೆ ಬೇರೆ ಜಿಲ್ಲೆಗಳಿಂದ ಬಂದಿತ್ತು.

ಪ್ರಶ್ನೆ: ನಾನು ಗ್ರಾಮ ಪಂಚಾಯ್ತಿ ಸದಸ್ಯೆ. ನಮ್ಮಲ್ಲಿ ಸ್ವಚ್ಛ ಸಂಕೀರ್ಣ (ಒಣ ಕಸ ಬೇರ್ಪಡಿಸುವ ಶೆಡ್ಡು) ಕಟ್ಟಿ ಎರಡು ವರ್ಷ ಆಯಿತು. ಗಾಡಿ ಇದೆ, ಡ್ರೈವಿಂಗ್ ಕಲಿತ ಹೆಂಗಸರೂ ಇದ್ದಾರೆ. ಮನೆಯವರು ತಿಂಗಳ ಶುಲ್ಕ ಕೊಡುವುದಿಲ್ಲ. ಅಂಗಡಿಯವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಗುಜರಿಯವರು ಬಂದು ರಟ್ಟು, ಕಬ್ಬಿಣ ಮಾತ್ರ ಒಯ್ಯುತ್ತಾರೆ. ಉಳಿದ ಪ್ಲಾಸ್ಟಿಕ್ ಶೆಡ್ಡಿನ ಮಾಡು ಮುಟ್ಟಿದೆ. ಸರ್ಕಾರದಿಂದ ಇನ್ನೇನು ಕೇಳಬೇಕು?
(ಮಲೆನಾಡಿನ ಓದುಗರು)

ಮೇಡಂ, ಆ ಮಾಡು ಮುಟ್ಟಿದ ಪ್ಲಾಸ್ಟಿಕ್ಕಿನಿಂದಲೇ ಶುರು ಮಾಡೋಣ. ನಿಮ್ಮ ತೊಂದರೆಯ ಬೇರು ಇರುವುದು ಅಲ್ಲಿ.

ಹೋದ ಮಳೆಗಾಲದಲ್ಲಿ ಒಂದು ಪಂಚಾಯ್ತಿಯ ಶೆಡ್ಡಿನಲ್ಲಿ ಅರ್ಧ ದಿನ ಕೂತಿದ್ದೆ. ಇಬ್ಬರು ಹೆಂಗಸರು ಗಿಡ್ಡ ಸ್ಟೂಲಿನ ಮೇಲೆ ಕೂತು ಚೀಲ ಕತ್ತರಿಸಿ ನೆಲಕ್ಕೆ ಸುರಿಯುತ್ತಿದ್ದರು. ತೊಳೆಯದ ಹಾಲಿನ ಕವರು, ಶ್ಯಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಚಿಪ್ಸ್ ಪೊಟ್ಟಣ, ಮಾತ್ರೆಯ ಖಾಲಿ ಸ್ಟ್ರಿಪ್ಪು, ಒಂಟಿ ಹವಾಯಿ ಚಪ್ಪಲಿ, ಪೇಪರಿನಲ್ಲಿ ಸುತ್ತಿದ ಮಗುವಿನ ಡೈಪರ್. ಹಾಲಿನ ಕವರನ್ನು ಮನೆಯಲ್ಲೇ ಒಮ್ಮೆ ನೀರಲ್ಲಿ ಅಲುಗಿಸಿ ಕೊಟ್ಟರೆ ಸಾಕು, ಅದಕ್ಕೆ ರೇಟು ಬರುತ್ತದೆ, ಹುಳ ಬಿದ್ದ ಮೇಲೆ ಯಾರೂ ಮುಟ್ಟುವುದಿಲ್ಲ ಅಂತ ಅವರಲ್ಲಿ ಒಬ್ಬರು ವಿವರಿಸಿದರು. ಪಕ್ಕದಲ್ಲಿ ನಾಲ್ಕು ರಾಶಿ. ಮೂರು ಮಾರಾಟ ಆಗುವಂಥವು. ನಾಲ್ಕನೆಯದು ಚಿಪ್ಸ್ ಪೊಟ್ಟಣ, ಸ್ಯಾಶೆ. ಅದೇ ಎಲ್ಲಕ್ಕಿಂತ ದೊಡ್ಡ ರಾಶಿ, ಅದಕ್ಕೇ ಗಿರಾಕಿ ಇಲ್ಲ.

ಒಂದೇ ಪಂಚಾಯ್ತಿ ಆ ನಾಲ್ಕನೇ ರಾಶಿಯನ್ನು ಏನೂ ಮಾಡಲಾರದು. ತೂಕ ಕಮ್ಮಿ, ಜಾಗ ಜಾಸ್ತಿ, ಅದಕ್ಕಾಗಿ ಲಾರಿ ಕಳಿಸಿದರೆ ಡೀಸೆಲ್ಲಿಗೂ ಗಿಟ್ಟುವುದಿಲ್ಲ. ಹಾಗಾಗಿ ಯಾವ ಕಂಪನಿಯೂ ನಿಮ್ಮೂರಿಗೆ ಬರುವುದಿಲ್ಲ, ಬರಲಿಲ್ಲ ಅಂತ ಅವರನ್ನು ಬೈದೂ ಪ್ರಯೋಜನ ಇಲ್ಲ. ಸರ್ಕಾರ ಬೇಕಾಗುವುದು ಇಂಥ ಜಾಗದಲ್ಲೇ. ಉಡುಪಿ ಜಿಲ್ಲೆಯಲ್ಲಿ ಏನು ಮಾಡಿದರು ನೋಡಿ. ಕುಂದಾಪುರ ಕಡೆಯ ವಂಡ್ಸೆ ಪಂಚಾಯ್ತಿ ಎಷ್ಟೋ ಮುಂಚೆಯೇ ಮನೆ ಮನೆಯಿಂದ ಕಸ ತಂದು, ಬೇರ್ಪಡಿಸಿ, ಮಾರಿ ತೋರಿಸಿತ್ತು. ಅದನ್ನು ನೋಡಲು ಬೇರೆ ಊರುಗಳಿಂದ ಜನ ಬಂದರು. ಆಮೇಲೆ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ಹಿಡಿಯುವ ಎಂಆರ್‌ಎಫ್ ಘಟಕ ಬಂತು, ಅಂದರೆ ಒಣ ಕಸವನ್ನು ವಿಂಗಡಿಸುವ ದೊಡ್ಡ ಕೇಂದ್ರ. ಸುತ್ತಲಿನ ನಲವತ್ತರಷ್ಟು ಪಂಚಾಯ್ತಿಗಳ ಒಣ ಕಸ ಒಂದೇ ಕಡೆ ಸೇರುವ ಲೆಕ್ಕಾಚಾರ ಅದು. ಕಟ್ಟಡ, ಯಂತ್ರ ಸರ್ಕಾರದ ದುಡ್ಡಿನದು. ನಡೆಸುವುದು ಖಾಸಗಿ ಸಂಸ್ಥೆ. ಕಸ ಎತ್ತುವುದು ಪಂಚಾಯ್ತಿ, ಬೇರ್ಪಡಿಸಿ ಕೊಡುವುದು ಮನೆಯವರು. ಅಲ್ಲಿ ಕನ್ವೇಯರ್ ಮೇಲೆ ಹರಿಸಿ, ಬಗೆಬಗೆಯಾಗಿ ವಿಂಗಡಿಸಿ, ಒತ್ತಿ ಬೇಲ್ ಕಟ್ಟುತ್ತಾರೆ. ಗಿರಾಕಿ ಇಲ್ಲದ ನಾಲ್ಕನೇ ರಾಶಿಗೂ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುವ ದಾರಿ ಸಿಗುತ್ತದೆ. ನಲವತ್ತು ಊರನ್ನು ಒಂದು ಕರಾರಿನೊಳಗೆ ತರುವುದು ಯಾವ ಕಂಪನಿಗೂ, ಯಾವ ಯುವಕ ಸಂಘಕ್ಕೂ ಆಗುವ ಕೆಲಸವಲ್ಲ, ಜಿಲ್ಲಾ ಪಂಚಾಯ್ತಿ ಮನಸ್ಸು ಮಾಡಿದರೆ ಮಾತ್ರ ಆಗುತ್ತದೆ.

ಹಾಗಾಗಿ ಇನ್ನೊಂದು ಶೆಡ್ಡು ಕೊಡಿ ಅಂತ ಅರ್ಜಿ ಹಾಕಬೇಡಿ. ನಮ್ಮ ಪಂಚಾಯ್ತಿಯನ್ನು ಹತ್ತಿರದ ಎಂಆರ್‌ಎಫ್‌ಗೆ ಜೋಡಿಸಿ, ವಾರಕ್ಕೊಮ್ಮೆ ಲಾರಿ ಬರುವ ದಿನ ಗೊತ್ತು ಮಾಡಿ ಅಂತ ಠರಾವು ಮಾಡಿ ತಾಲೂಕು ಪಂಚಾಯ್ತಿಗೆ ಕಳಿಸಿ, ಪ್ರತಿಯನ್ನು ಜಿಲ್ಲಾ ಪಂಚಾಯ್ತಿ ಸಿಇಒ ಅವರಿಗೂ ಹಾಕಿ. ಅಕ್ಕಪಕ್ಕದ ನಾಲ್ಕೈದು ಪಂಚಾಯ್ತಿಯವರೂ ಅದೇ ಠರಾವು ಕಳಿಸಿದರೆ ತೂಕ ಬರುತ್ತದೆ. ಇನ್ನೊಂದು ಮಾತು. ಪೊಟ್ಟಣದಲ್ಲಿ ಮಾಲು ಮಾರುವ ಕಂಪನಿಗಳ ಮೇಲೂ ಆ ಪೊಟ್ಟಣ ವಾಪಸ್ ಪಡೆಯುವ ಹೊಣೆ ಇದೆ. 2016ರ ಪ್ಲಾಸ್ಟಿಕ್ ನಿಯಮದಲ್ಲೇ ಅದು ಇತ್ತು, 2022ರ ತಿದ್ದುಪಡಿಯಲ್ಲಿ ಇನ್ನೂ ಬಿಗಿಯಾಯಿತು. ಕಂಪನಿಗಳು ತಮ್ಮ ಗುರಿಯನ್ನು ಮುಟ್ಟಲು ನೋಂದಾಯಿತ ಮರುಬಳಕೆದಾರರಿಂದ ಇಷ್ಟು ಪ್ಲಾಸ್ಟಿಕ್ ಮರುಬಳಕೆ ಆಯಿತು ಅನ್ನುವ ಸರ್ಟಿಫಿಕೇಟ್ ಕೊಳ್ಳುತ್ತವೆ. ಆ ದುಡ್ಡಿನಲ್ಲಿ ಒಂದು ಪಾಲು ನಿಮ್ಮ ಶೆಡ್ಡಿನವರೆಗೆ ಇಳಿಯಬೇಕಾದರೆ ನಿಮ್ಮ ಪ್ಲಾಸ್ಟಿಕ್ ಒಯ್ಯುವವರು ನೋಂದಾಯಿತರಿಗೇ ಮುಟ್ಟಿಸಬೇಕು. ಕರಾರು ಬರೆಯುವಾಗ ಈ ಮಾತು ಕೇಳಿ, ಪಿಡಿಒ ಅವರಿಗೂ ಕೇಳಲು ಹೇಳಿ.

ಇನ್ನು ಶುಲ್ಕ. ಗಾಡಿ ಎರಡು ವಾರ ಬಂದು ಮೂರನೇ ವಾರ ಬಾರದಿದ್ದರೆ ಯಾರು ಕೊಡುತ್ತಾರೆ ಹೇಳಿ? ಮೊದಲು ಮೂರು ತಿಂಗಳು ತಪ್ಪದೆ, ಅದೇ ಹೊತ್ತಿಗೆ, ಅದೇ ಹಾಡು ಹಾಕಿಕೊಂಡು ಗಾಡಿ ಬರಲಿ. ರಸೀದಿ ಪುಸ್ತಕ ಗಾಡಿಯ ಹೆಂಗಸರ ಕೈಯಲ್ಲೇ ಇರಲಿ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಲೆಕ್ಕಕ್ಕೆ ಬರಲಿ. ಗ್ರಾಮಸಭೆಯಲ್ಲಿ ಇಷ್ಟು ಬಂತು, ಡೀಸೆಲ್ಲಿಗೆ ಇಷ್ಟು ಹೋಯಿತು, ಸಂಬಳಕ್ಕೆ ಇಷ್ಟು ಅಂತ ಅವರೇ ಎದ್ದು ನಿಂತು ಓದಲಿ. ಹೀಗೆ ಓದಿದ ಊರಲ್ಲಿ ಶುಲ್ಕ ಏರಿದ್ದನ್ನು ನಾನೇ ಕಂಡಿದ್ದೇನೆ, ಏರದ ಊರೂ ಇದೆ. ಅಂಗಡಿ, ಹೋಟೆಲು, ಕಲ್ಯಾಣ ಮಂಟಪಗಳಿಗೆ ಬೇರೆ ದರ ಇಡಿ. ಪರವಾನಗಿ ನವೀಕರಣಕ್ಕೆ ಬಂದಾಗ ಶುಲ್ಕದ ರಸೀದಿ ಕೇಳುವ ಪದ್ಧತಿ ಮಾಡಿಕೊಳ್ಳಿ. ಆದರೆ ಅದಕ್ಕೂ ಮುಂಚೆ ಅಂಗಡಿಯವರನ್ನು ಒಂದು ಸಂಜೆ ಕರೆದು ಮಾತಾಡಿ. ಅವರ ಕಷ್ಟವೂ ಇದೆ, ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವವರು ಬೆಳಿಗ್ಗೆ ಏಳಕ್ಕೆ ಬರುವ ಗಾಡಿಗೆ ಕಸ ಹೇಗೆ ಕೊಟ್ಟಾರು? ಪೇಟೆ ಬೀದಿಗೆ ಸಂಜೆ ಒಂದು ಸುತ್ತು ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಹಿಂದೆ ಕೆರೆ ಇದೆ. ಒಂದು ದೊಡ್ಡ ಕಂಪನಿ ಸಿಎಸ್‌ಆರ್ ದುಡ್ಡಿನಲ್ಲಿ ಅಭಿವೃದ್ಧಿ ಮಾಡಿಕೊಡುತ್ತೇವೆ ಅನ್ನುತ್ತಿದೆ. ನಿವಾಸಿಗಳ ಸಂಘ ಒಪ್ಪಬೇಕೋ ಬೇಡವೋ?
(ಬೆಂಗಳೂರಿನ ಓದುಗರು)

ಒಪ್ಪಿ. ಆದರೆ ನಾಲ್ಕನೇ ವರ್ಷ ಏನಾಗುತ್ತದೆ ಅಂತ ಈಗಲೇ ಕೇಳಿ.

ಯಾಕೆ ಹೀಗೆ ಹೇಳುತ್ತೇನೆಂದರೆ, 2013ರ ಕಂಪನಿ ಕಾಯ್ದೆ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು, ಸಿಎಸ್‌ಆರ್ ಅಂದರೆ ಇದೇ. ಆ ದುಡ್ಡನ್ನು ವರ್ಷ ವರ್ಷ ಲೆಕ್ಕ ಹಾಕುತ್ತಾರೆ. ಮುಂದುವರಿಯುವ ಯೋಜನೆ ಅಂತ ತೋರಿಸಿದರೂ ಶುರುವಾದ ವರ್ಷ ಬಿಟ್ಟು ಮೂರೇ ವರ್ಷದ ಮಿತಿ. ಹೂಳೆತ್ತಲು, ಏರಿ ಕಟ್ಟಲು, ಬೇಲಿ ಹಾಕಲು ಅದು ಚೆನ್ನಾಗಿ ಒದಗುತ್ತದೆ. ಕೆರೆಗೆ ಮಾತ್ರ ಪ್ರತಿ ಜೂನ್‌ನಲ್ಲೂ ಕೋಡಿ ನೋಡುವವರು ಬೇಕು, ಪ್ರತಿ ಬೇಸಿಗೆಯಲ್ಲೂ ಕಳೆ ತೆಗೆಯುವವರು ಬೇಕು, ರಾಜಕಾಲುವೆಗೆ ಯಾರು ಕೊಳಚೆ ಬಿಟ್ಟರು ಅಂತ ವಾರಕ್ಕೊಮ್ಮೆ ನಡೆದು ನೋಡುವವರು ಬೇಕು. ನಮ್ಮ ಹಳಬರಿಗೆ ಇದು ಗೊತ್ತಿತ್ತು. ಕೆರೆ ಕಟ್ಟಿಸಿದ ಶಾಸನಗಳಲ್ಲಿ ಬಿತ್ತುವಟ್ಟ ಅನ್ನುವ ಮಾತು ಬರುತ್ತದಲ್ಲ, ಅದು ಕೆರೆಯ ಮುಂದಿನ ನಿಗಾಕ್ಕೆ ಅಂತಲೇ ತೆಗೆದಿಟ್ಟ ಪಾಲು. ಕಟ್ಟುವ ದುಡ್ಡು ಬೇರೆ, ಕಾಯುವ ದುಡ್ಡು ಬೇರೆ. ನೀರು ಬಿಡಲು ನೀರಗಂಟಿ ಬೇರೆ.

ಬೆಂಗಳೂರಲ್ಲೇ ಒಳ್ಳೆಯ ದಾರಿ ತೋರಿಸಿದವರಿದ್ದಾರೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಚಿಕ್ಕದು, ಹದಿಮೂರು ಎಕರೆ ಚಿಲ್ಲರೆ. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿದರು, ಮರುವರ್ಷ ಆಗಿನ ನಗರಪಾಲಿಕೆ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ದಿನದ ನಿಗಾ ವಹಿಸಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ದೊಡ್ಡ ಕೆಲಸದ ಖರ್ಚು ಪಾಲಿಕೆಯದ್ದು, ಯೋಜನೆ ಹಾಕುವಾಗಿನಿಂದಲೇ ಜನ ಜೊತೆಗಿದ್ದರು. ಆ ಕೆರೆಯಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ, ಹಸು ಸಾಕುವವರಿಗೆ ಅಲ್ಲಿ ಹುಲ್ಲು ಕೊಯ್ಯುವ ದಾರಿ ಉಳಿದಿದ್ದು. ವಾಕಿಂಗ್ ಮಾಡುವವರ ಕೆರೆ, ಹಸು ಇರುವವರ ಕೆರೆ ಅಂತ ಎರಡು ಮಾಡಲಿಲ್ಲ.

ಇದರ ಎದುರಿಗೆ ಹಳೆಯದೊಂದು ಪಾಠವೂ ಇದೆ. 2000ದ ದಶಕದಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದ್ದರು. ಟಿಕೆಟ್ಟು, ಬೋಟಿಂಗು ಬಂದವು. ಕೆರೆ ಎಲ್ಲರದ್ದಲ್ಲವಾ ಅಂತ 2008ರಲ್ಲಿ ಪರಿಸರದವರು ಹೈಕೋರ್ಟಿಗೆ ಹೋದರು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೂತು ಕೆರೆಗಳ ಸ್ಥಿತಿ ನೋಡಿತು. ಸರ್ಕಾರ ಸಹಭಾಗಿತ್ವದ ಹೆಸರಲ್ಲಿ ತನ್ನ ಕೈ ತೊಳೆದುಕೊಂಡರೆ ಜನ ಹೊರಗುಳಿಯುತ್ತಾರೆ ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ನಿಮ್ಮ ಕರಾರಿನಲ್ಲಿ ಕೆರೆಯ ಒಡೆತನ ಪಾಲಿಕೆಯಲ್ಲೇ ಉಳಿಯಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು, ಕಂಪನಿ ಹೋದ ಮೇಲೆ ಕಾವಲಿನವರ ಸಂಬಳ ಯಾವ ಖಾತೆಯಿಂದ ಬರುತ್ತದೆ ಅಂತ ಬರೆದಿರಬೇಕು. ಕಂಪನಿಯ ಹೆಸರಿನ ಬೋರ್ಡು ಎಷ್ಟು ದೊಡ್ಡದಿರಬೇಕು ಅನ್ನುವ ಚರ್ಚೆಗೆ ಒಂದು ಸಭೆ ಹಾಳು ಮಾಡಬೇಡಿ, ಆ ಹೊತ್ತನ್ನು ರಾಜಕಾಲುವೆ ನಕ್ಷೆ ನೋಡಲು ಕೊಡಿ.

ಪ್ರಶ್ನೆ: ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಬಿಎಟಿಎಫ್ ಅಂತ ಇತ್ತು. ಅಂಥದ್ದನ್ನು ಈಗ ಪ್ರತಿ ನಗರದಲ್ಲೂ ಮಾಡಿದರೆ ಹೇಗೆ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಸರ್, ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. 1999ರಲ್ಲಿ ಶುರುವಾದ ಬಿಎಟಿಎಫ್, ಅಂದರೆ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್‌ಗೆ ಇನ್ಫೋಸಿಸ್‌ನ ನಂದನ್ ನಿಲೇಕಣಿ ಅಧ್ಯಕ್ಷರು. ಉದ್ಯಮದವರು, ತಜ್ಞರು, ನಗರದ ಕೆಲಸ ಮಾಡುತ್ತಿದ್ದ ಕೆಲವರು ಸೇರಿ ಪಾಲಿಕೆ, ಬಿಡಿಎ, ಜಲಮಂಡಳಿ, ಬಸ್ಸು, ಕರೆಂಟು, ಪೊಲೀಸ್ ಎಲ್ಲರ ಜೊತೆ ಕೂತರು. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಿದ್ದು 2000ದಲ್ಲಿ. ಪಾಲಿಕೆಯ ಲೆಕ್ಕಪತ್ರ ಸುಧಾರಿಸಿತು, ನಿರ್ಮಲ ಶೌಚಾಲಯಗಳು ಬಂದವು, ಮನೆ ಬಾಗಿಲಿಗೆ ಬಂದು ಕಸ ಒಯ್ಯುವ ಪದ್ಧತಿ ಬೆಳೆಯಿತು. ನನಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಅವರ ಸಾರ್ವಜನಿಕ ಸಭೆ. ಇಲಾಖೆಗಳ ಮುಖ್ಯಸ್ಥರು ಮುಖ್ಯಮಂತ್ರಿ ಮತ್ತು ಜನರ ಮುಂದೆ ನಿಂತು, ಹೋದ ಸಲ ಇದನ್ನು ಮಾಡುತ್ತೇವೆ ಅಂದಿದ್ದೆವು, ಇಷ್ಟು ಆಗಿದೆ ಅಂತ ಹೇಳಬೇಕಿತ್ತು. ಅದಕ್ಕೂ ಮುಂಚೆ 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರ ತಂಡ ಜನರನ್ನು ಕೇಳಿ ಇಲಾಖೆಗಳಿಗೆ ಅಂಕ ಕೊಡುವ ರಿಪೋರ್ಟ್ ಕಾರ್ಡ್ ಮಾಡಿತ್ತು, 1999 ಮತ್ತು 2003ರಲ್ಲಿ ಮತ್ತೆ ಮಾಡಿದರು. ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿ ಸಹಿ ಹಾಕುವ ನಮಗೆ ಜಲಮಂಡಳಿಯ ಮಾರ್ಕ್ಸ್ ಕಾರ್ಡ್ ನೋಡುವ ಅವಕಾಶ ಆಗ ಸಿಕ್ಕಿತು.

ಆದರೆ 2004ರಲ್ಲಿ ಸರ್ಕಾರ ಬದಲಾಯಿತು, ಬಿಎಟಿಎಫ್ ಕೂಡ ಅಲ್ಲಿಗೇ ನಿಂತಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅದು ನಿಂತಿದ್ದು ಮುಖ್ಯಮಂತ್ರಿಯೊಬ್ಬರ ಆಸಕ್ತಿಯ ಮೇಲೆ. ವಾರ್ಡಿನ ಕಾರ್ಪೊರೇಟರ್‌ಗಳಿಗೆ ಅದು ತಮ್ಮದು ಅನ್ನಿಸಲಿಲ್ಲ, ಕೊಳೆಗೇರಿಯವರಿಗೆ, ಸಣ್ಣ ವ್ಯಾಪಾರಿಗಳಿಗೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ ಅಂತ ಆಗಲೇ ಟೀಕೆ ಬಂದಿತ್ತು, ಅದು ಸರಿಯಾದ ಟೀಕೆ ಅಂತಲೇ ನನ್ನ ಅಭಿಪ್ರಾಯ. ಮೈಸೂರಿಗೆ ನಾನಾದರೆ ಹೊಸ ಟಾಸ್ಕ್ ಫೋರ್ಸ್ ಕೇಳುವುದಿಲ್ಲ. ವಾರ್ಡ್ ಸಮಿತಿ ಕೇಳುತ್ತೇನೆ. ಸಂವಿಧಾನದ 74ನೇ ತಿದ್ದುಪಡಿ ಬಂದು ಮೂವತ್ತು ವರ್ಷ ದಾಟಿತು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದರಲ್ಲೇ ಇದೆ. ಆ ಸಮಿತಿ ತಿಂಗಳಿಗೊಮ್ಮೆ ಕೂತು, ನಡಾವಳಿ ಗೋಡೆಗೆ ಅಂಟಿಸಿ, ಊರಿನ ವ್ಯಾಪಾರಿ ಸಂಘದವರನ್ನೂ ಆಟೋ ನಿಲ್ದಾಣದವರನ್ನೂ ಕರೆದರೆ, ಸರ್ಕಾರ ಬದಲಾದರೂ ಅದು ಉಳಿಯುತ್ತದೆ. ನಿಮ್ಮಂಥ ಲೆಕ್ಕ ಗೊತ್ತಿರುವ ನಿವೃತ್ತರು ಅದರಲ್ಲಿ ಕೂರಬೇಕು ಸರ್, ದಯವಿಟ್ಟು.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಗೆ ಕಂಪನಿಯೊಂದು ಶೌಚಾಲಯ ಕಟ್ಟಿಸಿ, ಗೋಡೆಗೆ ಬಣ್ಣ ಹೊಡೆಸಿ ಹೋಯಿತು. ಆರು ತಿಂಗಳಲ್ಲಿ ಶೌಚಾಲಯಕ್ಕೆ ಬೀಗ ಬಿತ್ತು. ತೊಳೆಯುವವರಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಏನು ಮಾಡಬಹುದು?
(ಶಿಕ್ಷಕಿ, ರಾಯಚೂರು ಜಿಲ್ಲೆ)

ಮೇಡಂ, ಹೆಣ್ಣುಮಕ್ಕಳು ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುವುದನ್ನು ನೀವು ದಿನಾ ನೋಡುತ್ತಿದ್ದೀರಿ. ಇದು ಕಾಯುವ ವಿಷಯ ಅಲ್ಲ.

ಎಸ್‌ಡಿಎಂಸಿಗೆ ಬರೀ ಸ್ವಾತಂತ್ರ್ಯ ದಿನದ ಸಿಹಿ ಹಂಚುವ ಕೆಲಸ ಅಂತ ಬಹಳ ಕಡೆ ತಿಳಿದಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಅವರ ಕೆಲಸ. ಆ ತಾಯಂದಿರನ್ನು ಕೂರಿಸಿ ಒಂದು ಪುಟದ ಯೋಜನೆ ಬರೆಯಿರಿ. ನೀರಿನ ಟ್ಯಾಂಕಿಗೆ ಪಂಚಾಯ್ತಿ, ತೊಳೆಯುವವರ ಸಂಬಳಕ್ಕೆ ಶಾಲಾ ಅನುದಾನ ಮತ್ತು ಪಂಚಾಯ್ತಿ, ಫಿನಾಯಿಲ್, ಸೋಪಿಗೆ ಹಳೆ ವಿದ್ಯಾರ್ಥಿಗಳು. ಕಂಪನಿಯವರಿಗೂ ಫೋಟೊ ಸಮೇತ ಪತ್ರ ಬರೆಯಿರಿ, ಬೀಗ ಬಿದ್ದಿದ್ದು ಅವರಿಗೆ ಗೊತ್ತೇ ಇರುವುದಿಲ್ಲ. ಮುಂದೆ ಯಾರೇ ಕಟ್ಟಿಸಿಕೊಡುತ್ತೇನೆ ಅಂದರೂ, ಕಟ್ಟಿದ ಮೇಲೆ ನೋಡಿಕೊಳ್ಳುವ ಕರಾರಿಗೆ ಬಿಇಒ ಕಚೇರಿಯವರೂ ಸಹಿ ಹಾಕಲಿ.

ಮೂವರೂ ಸೇರಿದ ಕೆಲಸ ವರ್ಷಗಟ್ಟಲೆ ನಿಂತಿದ್ದು ನೋಡಬೇಕೆಂದರೆ ನಿಮ್ಮ ಶಾಲೆಯಲ್ಲೇ ಇದೆ. ಬೆಳಿಗ್ಗೆ ಅಡುಗೆಯಮ್ಮ ಹಾಲಿನ ಪುಡಿಯನ್ನು ಮೊದಲು ಸ್ವಲ್ಪ ಬೆಚ್ಚನೆ ನೀರಲ್ಲಿ ಗಂಟಿಲ್ಲದಂತೆ ಕಲೆಸಿ, ಆಮೇಲೆ ಪಾತ್ರೆಗೆ ಸುರಿದು, ಸಕ್ಕರೆ ಹಾಕಿ ಕಾಯಿಸುತ್ತಾರಲ್ಲ, ಆ ಕ್ಷೀರಭಾಗ್ಯ 2013ರ ಆಗಸ್ಟ್‌ನಲ್ಲಿ ಶುರುವಾಯಿತು. ಆಗ ಹಾಲು ಒಕ್ಕೂಟಗಳಲ್ಲಿ ಹಾಲು ಮಿಗುತ್ತಿತ್ತು. ಮಿಕ್ಕ ಹಾಲಿಗೆ ಮಾರುಕಟ್ಟೆ ಸಿಗದಿದ್ದರೆ ಹಸು ಸಾಕಿದವರಿಗೆ ನಷ್ಟ. ಇತ್ತ ಶಾಲೆಯಲ್ಲಿ ಮಕ್ಕಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದರು. ಸರ್ಕಾರ ನಡುವೆ ನಿಂತು ಹಾಲನ್ನು ಕೊಂಡಿತು, ಒಂದು ಲೋಟಕ್ಕೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿ ಹಾಲು. ರೈತರ ಸಹಕಾರ ಸಂಘ ವ್ಯಾಪಾರ ಮಾಡಿತು, ಶಾಲೆ ಹಂಚಿತು, ಹಾಲು ಹಾಕಿದ ಅಮ್ಮನ ಮಗಳೇ ಎಷ್ಟೋ ಕಡೆ ಆ ಲೋಟ ಹಿಡಿದಳು. ಪಕ್ಷಗಳು ಬಂದು ಹೋದವು, ಯೋಜನೆ ಉಳಿಯಿತು. ಯಾರೋ ದಾನಿ ಕೊಡುವ ಹಾಲಾಗಿದ್ದರೆ ಇಷ್ಟು ವರ್ಷ ಬರುತ್ತಿರಲಿಲ್ಲ ಅಲ್ವಾ? ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇತ್ತು. ನಿಮ್ಮ ಶೌಚಾಲಯಕ್ಕೂ ಪಂಚಾಯ್ತಿ ಬಜೆಟ್ಟಿನಲ್ಲಿ ಒಂದು ಸಾಲು ಬೇಕು. ಮುಂದಿನ ಗ್ರಾಮಸಭೆಗೆ ತಾಯಂದಿರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಬಸ್‌ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತೇನೆ. ಸರ್ಕಾರ ಉದ್ಯಮದವರ ಜೊತೆ ಸಭೆ ಮಾಡುತ್ತದೆ ಅಂತ ಪೇಪರಿನಲ್ಲಿ ಓದುತ್ತೇನೆ. ನಮ್ಮಂಥವರು ಉದ್ಯಮ ಅಲ್ಲವಾ?
(ದಾವಣಗೆರೆ)

ಖಂಡಿತ ಹೌದು ಅಣ್ಣಾ, ಮತ್ತು ಇದನ್ನು ಕಾನೂನೇ ಹೇಳುತ್ತದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಮ್ಮಿ ಇಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿ ಕಳಿಸಿದವರಾಗಿರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ಎಲ್ಲಿ ಗಾಡಿ ನಿಲ್ಲಬಹುದು, ಎಲ್ಲಿ ಬೇಡ ಅಂತ ತೀರ್ಮಾನ ಆಗುವ ಕಡೆ ಆಯುಕ್ತರ ಜೊತೆ ಪೊಲೀಸರೂ ಕೂರುತ್ತಾರೆ, ನಿಮ್ಮವರೂ ಕೂರುತ್ತಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಅಂತಲೂ ಅದರಲ್ಲಿದೆ.

ಪಾಲಿಕೆ ಕಚೇರಿಗೆ ಹೋಗಿ ಮೊದಲು ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ನೋಡಿ. ಆಮೇಲೆ ಸಮಿತಿ ಕೊನೆಯ ಸಲ ಯಾವಾಗ ಕೂತಿತ್ತು ಅಂತ ಬರಹದಲ್ಲಿ ಕೇಳಿ, ಬಾಯಿಮಾತಿನ ಉತ್ತರ ಸಾಲದು. ಒಬ್ಬರೇ ಹೋಗಬೇಡಿ. ಹೂವಿನವರು, ಸೊಪ್ಪಿನವರು, ಮಿರ್ಚಿ-ಮಂಡಕ್ಕಿಯವರು ಎಲ್ಲ ಸೇರಿ ಹತ್ತು ಜನ ಹೋಗಿ. ಮಧ್ಯಾಹ್ನ ವ್ಯಾಪಾರ ಕಮ್ಮಿ ಇರುವ ಹೊತ್ತು ನೋಡಿಕೊಳ್ಳಿ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಂಡೇ ವಾಪಸ್ ಬನ್ನಿ.